ದಂತಬ್ರಹ್ಮರ ಬಿಳಿ ಗೋಡೆ

"ಬಣ್ಣ ಆರಿಸೋ ವಿಷಯದಲ್ಲಿ ನನಗೆ ಯಾರ ಸಲಹೆಯೂ ಬೇಡ. ಅದು ನನ್ನ ವೃತ್ತಿ!"

ಹೀಗೆಂದು ಘೋಷಿಸುವಾಗ ದಂತಬ್ರಹ್ಮರ ಬಾಯಲ್ಲಿ ಬ್ರಷ್ಷಿತ್ತು. ಹಾಗಾಗಿ ಘೋಷಣೆಯ ಅರ್ಧಭಾಗ ನೊರೆಯಾಗಿ ಸಿಂಕಿಗೆ ಬಿತ್ತು. ಉಳಿದರ್ಧ ಹೆಂಡತಿಯ ಕಿವಿಗೆ ಬಿತ್ತು. ಎರಡನೆಯದೇ ದುಬಾರಿಯಾಯಿತು.

ಅವರೇನೂ ಪೇಂಟರಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಪುಟ್ಟ ಕೋಣೆಯಲ್ಲಿ ಕೂತು, ಹಲ್ಲು ಕಳೆದುಕೊಂಡವರಿಗೆ ಹಲ್ಲಿನ ಸೆಟ್ ಮಾಡಿಕೊಡುವವರು. ಇಪ್ಪತ್ತಾರು ವರ್ಷಗಳಲ್ಲಿ ಊರಿನ ಅರ್ಧದಷ್ಟು ನಗು ಅವರ ಕೈಯಿಂದಲೇ ತಯಾರಾಗಿ ಹೋಗಿತ್ತು. ದಂತಬ್ರಹ್ಮ ಎಂಬ ಬಿರುದನ್ನು ಅಕ್ಕಪಕ್ಕದವರು ತಮಾಷೆಗೆ ಕೊಟ್ಟಿದ್ದರು. ಅವರು ಗಂಭೀರವಾಗಿಯೇ ಸ್ವೀಕರಿಸಿದ್ದರು. ಜೇಬಿನಲ್ಲಿ ಸದಾ ಹಲ್ಲಿನ ಬಣ್ಣ ಹೊಂದಿಸಿ ನೋಡುವ ಒಂದು ಪಟ್ಟಿ. ಅದರಲ್ಲಿ ಸಾಲಾಗಿ ಹದಿನಾರು ಮಾದರಿ ಹಲ್ಲುಗಳು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಮಾಸಲು. "ಜನಕ್ಕೆ ಬಿಳಿ ಅಂದ್ರೆ ಒಂದೇ ಬಿಳಿ. ನನಗೆ ಹದಿನಾರು!" ಎಂದು ಬೀಗುತ್ತಿದ್ದರು.

ಊಟದ ಕೋಣೆಗೆ ಈಗ ಬಣ್ಣ ಬೇಕಾದದ್ದು ಹೆಂಡತಿಯ ಅಪ್ಪನಿಗಾಗಿ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಅವರನ್ನು ಮನೆಯಲ್ಲಿ ಗಾರ್ಡ್ ಮಾವ ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಹಲ್ಲುಗಳೆಲ್ಲ ಒಂದೊಂದಾಗಿ ಇಳಿದುಹೋದ ಮೇಲೆ ಮುದುಕರು ಯಾರ ಎದುರಿಗೂ ಊಟಕ್ಕೆ ಕೂತವರಲ್ಲ. ಮಗಳ ಮನೆಗೆ ಬಂದರೂ "ಈಗಷ್ಟೇ ತಿಂದು ಬಂದೆ" ಎಂದು ನೀರು ಕುಡಿದು ಎದ್ದುಬಿಡುತ್ತಿದ್ದರು. ನಗು ಬಂದರೆ ಕರವಸ್ತ್ರ ಅಡ್ಡ. ಕೊನೆಗೂ ಅಳಿಯನ ಕೈಯಿಂದ ಸೆಟ್ ಮಾಡಿಸಿಕೊಂಡು, "ಭಾನುವಾರ ಊಟಕ್ಕೆ ಬರ್ತೀನಿ ಮಗಳೇ" ಎಂದಿದ್ದರು. ಆ ಒಂದು ಮಾತಿಗೆ ಅವಳು ಮೂರು ದಿನ ನೆಲ ಮುಟ್ಟದೆ ಓಡಾಡಿದ್ದಳು.

"ಅಪ್ಪ ಬಂದು ಕೂರೋ ಕೋಣೆ ಇಷ್ಟು ಮಂಕಾಗಿದ್ರೆ ಹೇಗ್ರೀ?" ಎಂದು ಬಣ್ಣದ ಅಂಗಡಿಯ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದಳು. ಒಂದೊಂದು ಬಣ್ಣಕ್ಕೂ ಒಂದೊಂದು ಕಾವ್ಯಮಯ ಹೆಸರು. ಮುಂಜಾವಿನ ಮೌನ. ಒದ್ದೆ ಮರಳು. ಮೊದಲ ಪ್ರೇಮ.

"ಮೊದಲ ಪ್ರೇಮ ಯಾಕ್ರೀ ಬೂದಿ ಬಣ್ಣಕ್ಕಿದೆ?"

"ಹೆಸರಿಟ್ಟವನಿಗೆ ಮದುವೆ ಆಗಿರಬೇಕು."

ಪುಸ್ತಕ ಒಮ್ಮೆ ಅವರ ತಲೆ ಮುಟ್ಟಿ ಮೇಜಿಗೆ ವಾಪಸಾಯಿತು. ಅವಳ ಬೆರಳು ಒಂದು ಹೊಂಬಣ್ಣದ ಮೇಲೆ ನಿಂತಿತು. "ಈ ಹಳದಿ ಚೆನ್ನಾಗಿದೆ, ಅಲ್ವಾ?"

"ಹಳದಿ!" ದಂತಬ್ರಹ್ಮರು ಕುರ್ಚಿಯಿಂದ ಎದ್ದೇಬಿಟ್ಟರು. "ಇಪ್ಪತ್ತಾರು ವರ್ಷದಿಂದ ನಾನು ಹಳದಿಯ ವಿರುದ್ಧ ಯುದ್ಧ ಮಾಡ್ತಿದ್ದೀನಿ ಕಣೇ! ಶತ್ರುವನ್ನ ಮನೆಗೆ ಕರೆದು ಊಟಕ್ಕೆ ಕೂರಿಸ್ತೀಯಾ?"

ಬಿಳಿ ಎಂದು ತೀರ್ಮಾನವಾಯಿತು. ಅಂದರೆ, ಅವರು ತೀರ್ಮಾನಿಸಿದರು.

ಪೇಂಟ್ ಮೇಸ್ತ್ರಿ ಬಂದು ಗೋಡೆಯ ಮೇಲೆ ನಾಲ್ಕು ಬಗೆಯ ಬಿಳಿ ಬಳಿದು ತೋರಿಸಿದ. ದಂತಬ್ರಹ್ಮರು ಹಲ್ಲಿನ ಪಟ್ಟಿಯನ್ನು ಗೋಡೆಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ಮುಚ್ಚಿ ಪರೀಕ್ಷಿಸಿದರು.

"ಇದರಲ್ಲಿ ಕಾಫಿ ಛಾಯೆ ಇದೆ. ಇದರಲ್ಲಿ ಸಿಗರೇಟಿನ ಕಲೆ."

ಮೇಸ್ತ್ರಿ ಬ್ರಷ್ ಮೂಸಿ ನೋಡಿದ. "ಸಾರ್, ಡಬ್ಬ ಈಗ ತಾನೆ ತೆಗೆದಿದ್ದು. ಅದು ಯಾವಾಗ ಕಾಫಿ ಕುಡೀತು?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: "ರೀ, ಗೋಡೆಗೆ ಬಣ್ಣ ಹೊಡೆಸ್ತಿದ್ದೀರೋ, ಹಲ್ಲು ಕಟ್ಟಿಸ್ತಿದ್ದೀರೋ?"

ಬಿಳಿಗೆ ತೊಟ್ಟು ನೀಲಿ ಬೆರೆಸಿ, ಮತ್ತೆ ಬಿಳಿ ಸುರಿದು, ಮತ್ತೊಂದು ತೊಟ್ಟು ನೀಲಿ ಬಿಟ್ಟು, ಸಂಜೆಯ ಹೊತ್ತಿಗೆ ಭೂಮಿಯ ಮೇಲೆ ಯಾವ ಬಾಯಲ್ಲೂ ಈವರೆಗೆ ಮೂಡದ ಬಿಳಿಯೊಂದು ಸಿದ್ಧವಾಯಿತು. ಶನಿವಾರಕ್ಕೆ ನಾಲ್ಕೂ ಗೋಡೆ ಮುಗಿಯಿತು. ಕಾಲೇಜಿಗೆ ಹೋಗುವ ಮಗಳು ಒಳಗೆ ಕಾಲಿಟ್ಟವಳೇ ಹೊರಗೋಡಿ, ತಂಪು ಕನ್ನಡಕ ಹಾಕಿಕೊಂಡು ಬಂದಳು. "ಅಪ್ಪಾ, ಇಲ್ಲಿ ಊಟ ಬಡಿಸ್ತಾರಾ, ಆಪರೇಷನ್ ಮಾಡ್ತಾರಾ?"

ಪ್ರತಿಭೆಯನ್ನು ಮನೆಯವರು ಗುರುತಿಸುವುದಿಲ್ಲವೆಂದು ದಂತಬ್ರಹ್ಮರು ಸಮಾಧಾನ ಮಾಡಿಕೊಂಡರು.

ಭಾನುವಾರ ಗಾರ್ಡ್ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೇಳಿದ ಸಮಯಕ್ಕಿಂತ ಒಂದು ನಿಮಿಷವೂ ತಡವಾಗದೆ ಬಂದರು. ಕರವಸ್ತ್ರ ಜೇಬಿನಲ್ಲೇ ಇತ್ತು. ಮೇಜಿನ ತುದಿಯ ಕುರ್ಚಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತರು. ಎಲ್ಲರನ್ನೂ ಒಮ್ಮೆ ನೋಡಿ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಬಾಯಿ ತುಂಬ ನಕ್ಕರು.

ಆ ಬಿಳಿ ಗೋಡೆಯ ಮುಂದೆ ಹೊಚ್ಚಹೊಸ ಹಲ್ಲುಗಳು ವರ್ಷಗಟ್ಟಲೆ ತೊಳೆಯದ ಟೀ ಲೋಟದ ತಳದಂತೆ ಕಂಡವು.

ಮೊಮ್ಮಗಳು ಪ್ರೀತಿಯಿಂದಲೇ ಕೇಳಿದಳು: "ತಾತ, ಹೊಸ ಹಲ್ಲು ಯಾವಾಗ ಹಾಕ್ಕೋತೀರಾ?"

ಕೆಂಪು ದೀಪ ಕಂಡ ರೈಲಿನಂತೆ ನಗು ನಿಂತೇಹೋಯಿತು. ಗಾರ್ಡ್ ಮಾವ ಎದ್ದು, ಎದುರಿನ ಕೈತೊಳೆಯುವ ಬೇಸಿನ್ನಿನ ಮೇಲಿದ್ದ ಕನ್ನಡಿಯಲ್ಲಿ ಹಲ್ಲು ಬಿಟ್ಟು ನೋಡಿಕೊಂಡರು. ಹಿಂದೆ ಗೋಡೆ ಝಗಮಗಿಸುತ್ತಿತ್ತು.

"ಅಳಿಯಂದ್ರೇ," ಎಂದರು ಮೆಲ್ಲಗೆ, "ಯಾರದಾದರೂ ಹಳೇದನ್ನ ಕೊಟ್ಟಿದ್ರೂ ನನಗೆ ಬೇಜಾರಿಲ್ಲ. ಒಂದು ಮಾತು ಹೇಳಿ ಕೊಡಬಹುದಿತ್ತು." ಜೇಬಿನಿಂದ ಕರವಸ್ತ್ರ ಹೊರಬಂತು. "ನನಗೆ ಹಸಿವಿಲ್ಲ ಮಗಳೇ. ಈಗಷ್ಟೇ ತಿಂದು ಬಂದೆ."

ಹೆಂಡತಿ ಗಂಡನ ಕಡೆ ತಿರುಗಿದಳು. ಅವಳು ಬೈಯಲಿಲ್ಲ, ಅವಳ ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ದಂತಬ್ರಹ್ಮರು ಹೇಗೋ ತಡೆದುಕೊಳ್ಳುತ್ತಿದ್ದರು.

"ಮಾವ! ತಪ್ಪು ಹಲ್ಲಿನದ್ದಲ್ಲ, ಗೋಡೆಯದ್ದು!"

"ಗೋಡೆ ನನ್ನ ಬಾಯಲ್ಲಿ ಕೂತಿಲ್ಲವಲ್ಲ ಅಳಿಯಂದ್ರೇ."

"ಎಪ್ಪತ್ತನಾಲ್ಕರ ಮುಖಕ್ಕೆ ಇಪ್ಪತ್ತರ ಹಲ್ಲು ಹಾಕಿದ್ರೆ ನೋಡಿದವರಿಗೆಲ್ಲ ಗೊತ್ತಾಗುತ್ತೆ ಅಂತ, ಬೇಕಂತಲೇ ಕೊಂಚ ಮಾಗಿದ ಬಣ್ಣ ಕೊಟ್ಟಿದ್ದು. ಈ ಗೋಡೆ ಮುಂದೆ ಯಾರ ಹಲ್ಲೂ ಹೀಗೇ! ನನ್ನದು ನೋಡಿ!" ಎಂದು ಹಲ್ಲು ಗಿಂಜಿದರು. "ನಿಮ್ಮ ಮಗಳದ್ದು ನೋಡಿ!"

ಅವಳು ಫಕ್ಕನೆ ತುಟಿ ಮುಚ್ಚಿ, ಮುಚ್ಚಿದ ತುಟಿಯಲ್ಲೇ ಗದರಿದಳು. "ಈಗ ನನ್ನ ಹಲ್ಲಿಗೂ ಬಂದ್ರಾ?"

ದಂತಬ್ರಹ್ಮರ ಬಣ್ಣ ಬಯಲಾಗಿತ್ತು. ಕ್ಲಿನಿಕ್ಕಿನಲ್ಲಿ ಹಿನ್ನೆಲೆಗೆ ನೀಲಿ ಬಟ್ಟೆ ಇಡದೆ ಒಂದು ಹಲ್ಲನ್ನೂ ನೋಡದ ಮನುಷ್ಯ, ಮನೆಯಲ್ಲಿ ಹಲ್ಲಿನ ಹಿಂದೆ ಒಂದು ಇಡೀ ಕೋಣೆ ಇರುತ್ತದೆಂಬುದನ್ನೇ ಮರೆತಿದ್ದರು! ಮಾವನ ಕೈ ಹಿಡಿದು ಮನೆಯೆಲ್ಲ ಮೆರವಣಿಗೆ ಹೊರಟರು. ಒಂದು ಕೈಯಲ್ಲಿ ಮಾವ, ಇನ್ನೊಂದರಲ್ಲಿ ಕೈಗನ್ನಡಿ. ಫ್ರಿಜ್ ಮುಂದೆ ನಿಲ್ಲಿಸಿದರು, ಇನ್ನೂ ಕೆಟ್ಟದಾಯಿತು. ಬೀರುವಿನ ಮುಂದೆ, ಪರವಾಗಿಲ್ಲ. ಕೊನೆಗೆ ಮಲಗುವ ಕೋಣೆಯಲ್ಲಿ ಮಂಚದ ಮೇಲಿನ ಕಡುನೀಲಿ ಹೊದಿಕೆಯನ್ನು ಎಳೆದು ಹಿಂದೆ ಹಿಡಿದರು. "ಈಗ ನಗಿ ಮಾವ!"

ಮುತ್ತು! ಸಾಲು ಸಾಲು ಮುತ್ತು! ಗಾರ್ಡ್ ಮಾವ ಕನ್ನಡಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಇನ್ನೊಮ್ಮೆ ನಕ್ಕರು. "ಅಲ್ಲ, ಇದು ಹೊಸದೇ!"

"ಹಾಗಾದ್ರೆ ಇಲ್ಲೇ ಮಂಚದ ಮೇಲೆ ಬಡಿಸಿಬಿಡೋಣ," ಎಂದರು ದಂತಬ್ರಹ್ಮರು ಗೆದ್ದ ಗತ್ತಿನಲ್ಲಿ.

"ಅಪ್ಪ ಕಾಯಿಲೆ ಮಲಗಿಲ್ಲ," ಎಂದಳು ಹೆಂಡತಿ. "ಮೇಜಿನ ಹತ್ತಿರ, ಎಲ್ಲರ ಜೊತೆ ಕೂತು ಊಟ ಮಾಡ್ತಾರೆ. ನೀವು ಆ ಹೊದಿಕೆ ಹಿಡ್ಕೊಂಡು ಬನ್ನಿ."

"ಮೊಳೆ ಹೊಡೆದು ನೇತು ಹಾಕೋಣ್ವಾ?"

"ಹಸಿ ಗೋಡೆಗಾ? ಹದಿನಾರು ಬಿಳಿ ಒಟ್ಟಿಗೆ ಕೆಳಗೆ ಬೀಳಲಿ ಅಂತಾನಾ?"

ಹೀಗಾಗಿ ಗಾರ್ಡ್ ಮಾವ ಮೇಜಿನ ತುದಿಯಲ್ಲಿ ಸಿಂಹಾಸನಾಸೀನರಾದರು. ಬೆನ್ನ ಹಿಂದೆ ದಂತಬ್ರಹ್ಮರು ಎರಡೂ ಕೈ ಮೇಲೆತ್ತಿ, ಹೊದಿಕೆಯ ಎರಡು ಮೂಲೆ ಹಿಡಿದು, ಬಟ್ಟೆ ಒಣಹಾಕುವ ತಂತಿಯ ಕಂಬಗಳೆರಡೂ ತಾವೇ ಆಗಿ ನಿಂತರು. ಮುದುಕರು ಸೇಬೊಂದನ್ನು ಇಡಿಯಾಗಿ ಎತ್ತಿ ಕಚ್ಚಿದರು. ಕರಕ್! ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಅವರು ಇಂಜಿನ್ನೇ ಇಲ್ಲದ ರೈಲಿಗೆ ಹಸಿರು ಬಾವುಟ ತೋರಿಸಿದ ಕತೆ ಶುರುಮಾಡಿದರು. ಎಲ್ಲರೂ ಹತ್ತಾರು ಸಲ ಕೇಳಿದ್ದ ಕತೆ. ಆದರೆ ಕಳೆದ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹೆಂಡತಿ ಬಡಿಸುವುದನ್ನೂ ಮರೆತು ಸೌಟು ಹಿಡಿದೇ ನಗುತ್ತಿದ್ದಳು.

ಹೊದಿಕೆಯ ಹಿಂದಿನಿಂದ ಕ್ಷೀಣ ಧ್ವನಿಯೊಂದು ಬಂತು. "ಲೇ, ತೋಳು ಬಿದ್ದುಹೋಗ್ತಿದೆ. ನನ್ನ ಊಟ?"

ಅವಳು ತಟ್ಟೆ ಹಿಡಿದು ಹಿಂದೆ ಬಂದಳು. "ಬಾಯಿ ತೆಗೀರಿ. ಇನ್ನೂ ಅಗಲ." ಒಂದು ತುತ್ತು ಒಳಗೆ ಹೋಯಿತು.

"ಇನ್ನೂ ಎಷ್ಟು ಹೊತ್ತೇ?"

ಅವಳು ಅಪ್ಪನ ಕಡೆ ಇಣುಕಿ ನೋಡಿ, ಇನ್ನೊಂದು ತುತ್ತು ಕಲಸಿದಳು.

"ಎರಡು ವರ್ಷದ ನಗು ಬಾಕಿ ಇದೆ ರೀ. ಕೈ ಇಳಿಸಬೇಡಿ."