ಗಂಡನ ಹೆಸರಿಗೆ ಮೂವತ್ತೇ ಅಕ್ಷರ

ನಮ್ಮ ಕಾಕಾನಷ್ಟು ಮಂದಿಯ ತಪ್ಪು ಹುಡುಕುವವರು ಬೈಲಹೊಂಗಲದಲ್ಲಿ ಮತ್ತೊಬ್ಬರಿಲ್ಲ. ಹುಡುಕಿ, ತಾವೇ ಕ್ಷಮೆ ಕೇಳುವವರಂತೂ ಇಡೀ ಜಿಲ್ಲೆಯಲ್ಲಿ ಇಲ್ಲ! ವೆಬ್‌ಸೈಟ್ ಕಟ್ಟುವುದು ಅವರ ಉದ್ಯೋಗ. ಅವರ ಪುಟ ಯಾರ ಮೊಬೈಲಿನಲ್ಲಿ ಮುಗ್ಗರಿಸಿದರೂ ಬ್ರೌಸರು ಅದನ್ನು ಕನ್ಸೋಲಿನಲ್ಲಿ, ಅಂದರೆ ಯಾರೂ ತೆರೆದು ನೋಡದ ಒಂದು ಮೂಲೆಯಲ್ಲಿ, ಗೊಣಗಿಕೊಳ್ಳುತ್ತದೆ. ಆ ಗೊಣಗಾಟವೆಲ್ಲ ಇಂಟರ್ನೆಟ್ಟಿನಲ್ಲಿರುವ ತಮ್ಮ ಲಾಗಿಗೆ, ಅಂದರೆ ತಪ್ಪುಗಳ ದಿನಚರಿಗೆ, ಬಂದು ಬೀಳುವಂತೆ ಕಾಕಾ ಮಾಡಿದ್ದಾರೆ. ಅಜ್ಜ ಸ್ನಾನ ಮುಗಿಸಿ ಪಂಚಾಂಗ ಓದುತ್ತಿದ್ದರು. ಕಾಕಾ ಲಾಗು ಓದುತ್ತಾರೆ.

ಒಮ್ಮೆ ಎಂ.ಕೆ. ಹುಬ್ಬಳ್ಳಿಯ ಟೈರ್ ಅಂಗಡಿಯ ಪುಟ ಅರ್ಧ ತಾಸು ಕೆಟ್ಟಿತ್ತೆಂದು ಬೈಕ್ ಹತ್ತಿ ಕ್ಷಮೆ ಕೇಳಲು ಹೋದರು. ಅಂಗಡಿಯ ಸಾಹೇಬರು ಚಹಾ ಕುಡಿಸಿ ಕೇಳಿದರಂತೆ: "ನಮ್ದೂ ಒಂದ ವೆಬ್‌ಸೈಟ್ ಐತೇನ್ರಿ?"

ನಾನೋ ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದವನು. ಬಿಡುತ್ತೇನೆಯೇ?

"ತ್ರಾಸ ಆದವರು ತಾವ ಫೋನ್ ಮಾಡತಾರ, ಕಾಕಾ. ಇದು ಕದ್ದು ನೋಡಿದಂಗಲ್ಲೇನ್ರಿ?"

"ಯಾರು, ಏನ ಬರದ್ರು ಅನ್ನೂದು ನನಗ ಬರೂದಿಲ್ಲೋ. ಎಲ್ಲಿ ಎಡವಿದ್ರು ಅನ್ನೂದಷ್ಟ ಬರತೈತಿ. ಎಡವಿದವರು ಫೋನ್ ಮಾಡಂಗಿಲ್ಲ, ಎದ್ದು ಹೋಗಿಬಿಡತಾರ."

"ಪುರಾವೆ?"

"ಫೋನ್ ಮಾಡಾವರೆಲ್ಲಾ ನಿನ್ನಂಥಾವರ. ಅದ ಪುರಾವೆ."

ಮೊನ್ನೆ ಹೆಣ್ಣುಮಕ್ಕಳ ಹೊಲಿಗೆ ತರಬೇತಿಗೆ ಕಾಕಾ ಒಂದು ಅರ್ಜಿಯ ಪುಟ ಮಾಡಿಕೊಟ್ಟಿದ್ದರು. ಲಾಗಿನಲ್ಲಿ ಒಂದೇ ಮೊಬೈಲು, ಮೂರು ದಿನ, ಹನ್ನೊಂದು ಸಲ, ಒಂದೇ ತಪ್ಪು. ಗಂಡನ ಹೆಸರಿಗೆ ಕಾಕಾ ಇಟ್ಟ ಮಿತಿ ಮೂವತ್ತು ಅಕ್ಷರ. ಬಂದದ್ದು, ಗುಣಿತ ಒತ್ತುಗಳನ್ನೂ ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿನ ಲೆಕ್ಕದಲ್ಲಿ, ಎಂಬತ್ತರ ಹತ್ತಿರ. ಪುಟ ಏನನ್ನೂ ಹೇಳದೆ ಅಲ್ಲೇ ನಿಂತುಬಿಡುತ್ತಿತ್ತು. ಮರುದಿನವೇ ಕೊನೆಯ ದಿನ.

"ಯಾರೋ ಚೇಷ್ಟೆ ಮಾಡ್ಯಾರ. ಎಂಬತ್ತ ಅಕ್ಷರದ ಗಂಡ ಎಲ್ಲಿದ್ದಾನ್ರಿ?"

"ಚೇಷ್ಟೆ ಮಾಡಾವರಿಗೆ ಎರಡನೇ ಸಲಕ್ಕ ಬ್ಯಾಸರಾಗತೈತಿ. ಹನ್ನೊಂದ ಸಲ ಒತ್ತಿದಾಕಿಗೆ ಇದು ಬೇಕಾಗೇತಿ."

ಕಾಕಾ ಮಿತಿ ತೆಗೆದರು. ಪುಟದ ನೆತ್ತಿಯ ಮೇಲೆ "ತಪ್ಪು ನಮ್ಮದಿತ್ತು, ಇನ್ನೊಮ್ಮೆ ಕಳಿಸಿರಿ" ಎಂದು ಬರೆದರು. ಮರುದಿನ ಊಟವೂ ಪರದೆಯ ಮುಂದೆಯೇ ಆಯಿತು.

ಪೂರ್ತಿಯಾದ ಅರ್ಜಿಗಳನ್ನು ತೆರೆದು ತರಬೇತಿಯವರಿಗೆ ಮುಟ್ಟಿಸುವುದೂ ಕಾಕಾನದೇ ಕೆಲಸ. ಮಧ್ಯಾಹ್ನ ಆ ಅರ್ಜಿ ಬಂತು. ಇಬ್ಬರೂ ಮೊದಲು ಓದಿದ್ದು ಗಂಡನ ಹೆಸರನ್ನೇ:

"ಮಲಪ್ರಭೆಯ ನೀರಿಗೆ ನವಿಲುತೀರ್ಥದ ಕಟ್ಟೆ, ಮಂದಿ ತಪ್ಪು ಓದೋ..." ಇಲ್ಲೊಂದು ಹೆಸರು, ಆಮೇಲೆ, "ರಾಯರಿಗೆ ನಾ ಮನಸು ಕೊಟ್ಟೆ."

ಒಡಪು! ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಕೂಡಿಸಿ ಹೇಳುತ್ತಾಳೆ. ಕೂಡಿಸಿದ್ದ ಹೆಸರು ಕಾಕಾನದು.

ಅಡುಗೆಮನೆಯ ಬಾಗಿಲಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಮೊಬೈಲ್ ಹಿಡಿದು ನಿಂತಿದ್ದರು. "ಈ ಸಲ ಹೋತೇನ್ರಿ?"

"ಮೂರ ದಿನದಿಂದ ನನಗ್ಯಾಕ ಹೇಳಲಿಲ್ಲ?"

"ನನಗ ಬರಂಗಿಲ್ಲ, ಅದಕ್ಕ ಹೋಗವಲ್ದು ಅಂದುಕೊಂಡೆ. ಈ ವಯಸ್ಸಿನಾಗ ಕಲೀತಾಳಂತ ಅಂತ ನೀವು ನಕ್ಕರ?"

ಕಾಕಾ ನಗಲಿಲ್ಲ. ಅವರು ಎದ್ದು ತಮ್ಮ ಕುರ್ಚಿಯಲ್ಲಿ ಕಾಕುವನ್ನು ಕೂಡಿಸಿ, ತಾವು ನೆಲದ ಮೇಲೆ ಕುಳಿತರು.

"ಓದಿದ್ದಾತು. ನಿನ್ನ ಬಾಯಿಂದ ಒಮ್ಮೆ ಹೇಳು, ಕೇಳತೇನಿ."

ಕಾಕು ಪರದೆಯತ್ತ ನೋಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಎಲ್ಲೂ ನಿಲ್ಲದೆ ಒಡಪು ಹೇಳಿದರು.