ಕಾಲೆತ್ತಿಸೋ ಮೇಡಂ ಬೆಚ್ಚಿಬಿದ್ದದ್ದು

ಕಡೂರಿನಲ್ಲಿ ನನ್ನದೊಂದು ಫಿಸಿಯೋಥೆರಪಿ ಕೋಣೆಯಿದೆ. ಮಂಗಳವಾರ ತರೀಕೆರೆ, ಶುಕ್ರವಾರ ಅಜ್ಜಂಪುರ. ವಯಸ್ಸಾದವರಿಗೆ ಕೈಕಾಲಿನ ವ್ಯಾಯಾಮ ಹೇಳಿಕೊಡುವುದು ಕೆಲಸ. ಆ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲದ್ದರಿಂದ ಮೂರೂ ಊರಿನಲ್ಲಿ ನಾನು ‘ಕಾಲೆತ್ತಿಸೋ ಮೇಡಂ’. ಓದುವಾಗ ನಮಗೆ ಮೂಳೆ, ಕೀಲು, ಸ್ನಾಯು ಎಲ್ಲದರ ಬಗ್ಗೆ ಪಾಠ ಮಾಡಿದ್ದರು. ಈ ಹಿರಿಯರ ಬಗ್ಗೆ ಮಾತ್ರ ಯಾರೂ ಒಂದು ಮಾತು ಹೇಳಿರಲಿಲ್ಲ. ಹಾಗಾಗಿ ಇಪ್ಪತ್ತು ವರ್ಷವಾದರೂ ವಾರಕ್ಕೊಮ್ಮೆಯಾದರೂ ಇವರು ನನ್ನನ್ನು ಬೆಚ್ಚಿಬೀಳಿಸುವುದು ತಪ್ಪಿಲ್ಲ.

ಎಣಿಕೆ

ಕಡೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಮಂಡಿ ನೋವೆಂದು ಹೆಂಡತಿಯ ಜೊತೆ ಬಂದರು. ವಯಸ್ಸು ಎಪ್ಪತ್ತೆರಡು. ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ ಬಿಟ್ಟು ಏಳುವವರಲ್ಲ, ತೊಡೆಯ ಸ್ನಾಯು ಕರಗಿ ಹೋಗಿತ್ತು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಹಿಡಿಯುವುದು ಹತ್ತು ಸಲ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಬೆಳಿಗ್ಗೆ ಸಂಜೆ ಎರಡು ಹೊತ್ತು ಮಾಡಿ ಎಂದು ತೋರಿಸಿಕೊಟ್ಟೆ. ಒಬ್ಬರೇ ಮಾಡಿದರೆ ಬೇಜಾರು, ಇಬ್ಬರೂ ಮಾಡಿ, ಒಬ್ಬರು ಮಾಡುವಾಗ ಇನ್ನೊಬ್ಬರು ಎಣಿಸಿ ಎಂದೂ ಹೇಳಿದೆ.

ತಿಂಗಳಾದ ಮೇಲೆ ಬಂದರು. ನನ್ನ ಕೋಣೆ ಮೊದಲ ಮಹಡಿಯಲ್ಲಿದೆ. ಹೆಂಡತಿ ಮೆಟ್ಟಿಲು ಹತ್ತಿ ಬಂದು, ಸೆರಗು ಸರಿ ಮಾಡಿಕೊಂಡು, ಬೆಂಚಿನಲ್ಲಿ ಕೂತು ನನ್ನ ಯೋಗಕ್ಷೇಮ ವಿಚಾರಿಸಿಯೂ ಆಯಿತು. ಮೇಷ್ಟ್ರು ಇನ್ನೂ ಗೋಡೆ ಹಿಡಿದುಕೊಂಡು ನಡು ಮೆಟ್ಟಿಲಲ್ಲಿದ್ದರು. ಮೇಲೆ ಬಂದು, ವ್ಯಾಯಾಮ ಒಂದು ದಿನವೂ ಬಿಟ್ಟಿಲ್ಲ ಎಂದು ಆಣೆಯಿಟ್ಟು ಹೇಳಿದರು. ಹಾಗಾದರೆ ಮಾಡಿ ತೋರಿಸಿ ಎಂದೆ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, “ತೋರ್ಸೇ” ಎಂದರು.

ಆ ಅಮ್ಮ ಎದೆಯ ಮೇಲೆ ಕೈ ಕಟ್ಟಿಕೊಂಡು ಹತ್ತು ಸಲ ಎದ್ದು ಹತ್ತು ಸಲ ಕೂತರು. ಉಸಿರು ಕೂಡ ಏರಲಿಲ್ಲ. ನೋವಿರುವುದು ಅವರಿಗಲ್ಲ, ಮಾಡಬೇಕಾದದ್ದು ನೀವು ಎಂದು ಮೇಷ್ಟ್ರಿಗೆ ಹೇಳಿದೆ. ಒಬ್ಬರು ಎಣಿಸಬೇಕು ಅಂತ ನೀವೇ ಹೇಳಿದ್ದು, ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟವನು ನಾನು, ಎಣಿಸುವ ಕೆಲಸ ನನ್ನದಲ್ಲದೆ ಇನ್ನಾರದು ಎಂದು ನನ್ನನ್ನೇ ಕೇಳಿದರು.

ಅವತ್ತಿನಿಂದ ಎಣಿಸುವ ಕೆಲಸ ಹೆಂಡತಿಗೆ ಕೊಟ್ಟೆ. ಮುಂದಿನ ತಿಂಗಳು ಮೇಷ್ಟ್ರು ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿ ಬಂದರು, ಒಂದು ದೂರೂ ತಂದರು. “ಇವಳು ಏಳಾದ್ಮೇಲೆ ಮತ್ತೆ ನಾಲ್ಕಕ್ಕೆ ಹೋಗ್ತಾಳೆ ಕಣಮ್ಮ. ಕೇಳಿದ್ರೆ ಮರ್ತೋಯ್ತು ಅಂತಾಳೆ.”

ಹನ್ನೆರಡು ಸಾವಿರ ಹೆಜ್ಜೆ

ತರೀಕೆರೆಯಲ್ಲಿ ಒಬ್ಬ ತೆಂಗಿನಕಾಯಿ ಮಂಡಿಯ ಯಜಮಾನರು. ಸಕ್ಕರೆ ಕಾಯಿಲೆ, ಹೊಟ್ಟೆ ದೊಡ್ಡದು, ನಡಿಗೆ ಎಂದರೆ ಆಗದು. ದಿನಕ್ಕೆ ಆರು ಸಾವಿರ ಹೆಜ್ಜೆಯಾದರೂ ಹಾಕಿ ಎಂದಿದ್ದೆ. ಸೊಸೆ ಹೆಜ್ಜೆ ಎಣಿಸುವ ವಾಚು ತಂದು ಕೈಗೆ ಕಟ್ಟಿದಳು. ಮುಂದಿನ ಮಂಗಳವಾರ ವಾಚು ನೋಡುತ್ತೇನೆ, ದಿನಕ್ಕೆ ಹನ್ನೆರಡು ಸಾವಿರ. ಒಂದು ದಿನ ಹದಿನಾಲ್ಕು. ಖುಷಿಯಿಂದ ತರೀಕೆರೆಯ ನನ್ನ ಎಲ್ಲ ಪೇಷೆಂಟುಗಳಿಗೂ, ಯಜಮಾನರನ್ನು ನೋಡಿ ಕಲಿಯಿರಿ, ಈ ವಯಸ್ಸಿನಲ್ಲಿ ಹೇಗೆ ನಡೀತಾರೆ ಎಂದು ಹೇಳಿಕೊಂಡು ಬಂದೆ.

ಎರಡು ತಿಂಗಳ ನಂತರ ರಕ್ತ ಪರೀಕ್ಷೆಯ ಚೀಟಿ ನೋಡಿದೆ. ಸಕ್ಕರೆ ಇಳಿಯುವ ಬದಲು ಏರಿತ್ತು. ಲ್ಯಾಬಿನವರು ಚೀಟಿ ಅದಲು ಬದಲು ಮಾಡಿರಬೇಕು ಎಂದುಕೊಂಡು ನೇರ ಅವರ ಮನೆಗೆ ಹೋದೆ.

ಯಜಮಾನರು ಈಸಿಚೇರಿನಲ್ಲಿ ಕಾಲು ನೀಡಿ ಕೂತಿದ್ದರು. ಪಕ್ಕದಲ್ಲಿ ಸೀರೆಯ ತೊಟ್ಟಿಲು, ಅದರಲ್ಲಿ ಮೊಮ್ಮಗು ನಿದ್ದೆ. ಯಜಮಾನರ ಎಡಗೈಯಲ್ಲಿ ತೊಟ್ಟಿಲಿನ ಹಗ್ಗ, ಆ ಕೈಯಲ್ಲೇ ವಾಚು. ಹಗ್ಗ ಎಳೆದಂತೆಲ್ಲ ಹೆಜ್ಜೆ ಏರುತ್ತಿತ್ತು. ನಾನು ಬಾಗಿಲಲ್ಲಿ ನಿಂತಿರುವಾಗಲೇ ವಾಚು ಗುಂಯ್‌ಗುಟ್ಟಿ ಇವತ್ತಿನ ಗುರಿ ಮುಟ್ಟಿದಿರಿ ಎಂದು ಅಭಿನಂದಿಸಿತು. ಅವರೂ ತಲೆಯಾಡಿಸಿ ಅದನ್ನು ಒಪ್ಪಿಕೊಂಡರು.

ನಾನು ನಡೆಯಿರಿ ಎಂದದ್ದು ಕಾಲಿನಲ್ಲಿ ಎಂದೆ. ಅವರಿಗೆ ಕಳ್ಳತನ ಸಿಕ್ಕಿಬಿದ್ದ ಅಳುಕೇ ಇರಲಿಲ್ಲ. ಕೈಯೂ ನನ್ನದೇ ಕಾಲೂ ನನ್ನದೇ ಎಂಬ ಧಾಟಿಯಲ್ಲಿ ನಿಜವಾದ ಕಷ್ಟವೊಂದನ್ನು ನನ್ನಲ್ಲಿ ತೋಡಿಕೊಂಡರು.

“ಈ ಮಗು ಇತ್ತೀಚೆಗೆ ಬೇಗ ಎದ್ದ್‌ಬಿಡುತ್ತೆ ಮೇಡಂ. ನನ್ನ ವಾಕಿಂಗೇ ಕೆಟ್ಟೋಗಿದೆ.”

ಒಂಟಿ ಕಾಲು

ಕಡೂರಿನಲ್ಲಿ ಹಿರಿಯರ ತಪಾಸಣಾ ಶಿಬಿರ ನಡೆಯಿತು. ಬೀಳುವ ಅಪಾಯ ಯಾರಿಗಿದೆ ಎಂದು ಕಂಡುಹಿಡಿಯುವುದು ನನ್ನ ಪಾಲಿನ ಕೆಲಸ. ಒಂದು ಕಾಲೆತ್ತಿ ನಿಲ್ಲಿಸುವುದು, ಹತ್ತು ಸೆಕೆಂಡು ನಿಲ್ಲಲಾರದವರ ಹೆಸರು ಬರೆದುಕೊಳ್ಳುವುದು. ಯಗಟಿ ಕಡೆಯ ಕುರಿ ಸಾಕುವ ಮನೆಯ ಅಜ್ಜಿಯೊಬ್ಬಳು ಬಂದಳು. ವಯಸ್ಸು ಕೇಳಿದರೆ ಎಂಬತ್ತೋ ಏನೋ ಎಂದಳು. ಕಡ್ಡಿಯಂಥ ಮೈ. ಇವಳು ಮೂರು ಸೆಕೆಂಡು ನಿಂತರೆ ಹೆಚ್ಚು ಎಂದುಕೊಂಡು, ಗೋಡೆಯ ಪಕ್ಕ ನಿಲ್ಲಿಸಿ, ಆಗುವಷ್ಟು ಹೊತ್ತು ಒಂದು ಕಾಲಲ್ಲಿ ನಿಲ್ಲಜ್ಜಿ, ನಾನು ಹೇಳುವ ತನಕ ಇಳಿಸಬೇಡ ಎಂದೆ.

ಅಷ್ಟರಲ್ಲಿ ಹೊರಗೆ ಯಾರೋ ಬಿಸಿಲಿಗೆ ತಲೆ ಸುತ್ತಿ ಕೂತರು ಎಂದು ಕೂಗಿದರು. ಓಡಿದೆ. ಅವರಿಗೆ ನೀರು ಕುಡಿಸಿ, ನೆರಳಿಗೆ ಕೂರಿಸಿ, ಮಗನಿಗೆ ಫೋನ್ ಮಾಡಿಸಿ, ಹಾಗೇ ಊಟದ ಹೊತ್ತಾಯಿತೆಂದು ಎರಡು ತುತ್ತು ಚಿತ್ರಾನ್ನವನ್ನೂ ಬಾಯಿಗೆ ಹಾಕಿಕೊಂಡೆ. ಮೂರನೇ ತುತ್ತಿಗೆ ಅಜ್ಜಿ ನೆನಪಾದಳು. ತಟ್ಟೆ ಅಲ್ಲೇ ಇಟ್ಟೆ. ಬಿದ್ದು ಸೊಂಟ ಮುರಿದಿದ್ದರೆ ಅದಕ್ಕೆ ನಾನೇ ಹೊಣೆ.

ಒಳಗೆ ಓಡಿ ಬಂದು ನೋಡುತ್ತೇನೆ, ಅಜ್ಜಿ ನಿಲ್ಲಿಸಿದ ಜಾಗದಲ್ಲೇ ಇದ್ದಾಳೆ. ಒಂದು ಕಾಲು ಕೊಕ್ಕರೆಯ ಹಾಗೆ ಮಡಿಸಿದೆ. ಮಡಿಲಿನ ಚೀಲ ಬಿಚ್ಚಿ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಳೆ.

ತಪ್ಪಾಯಿತಜ್ಜಿ, ಇಳಿಸು ಎಂದೆ, ನನ್ನ ಕೈಕಾಲು ನಡುಗುತ್ತಿದ್ದವು. ಕುರಿ ಹಿಂದೆ ಹೊಲದಲ್ಲಿ ದಿನಾ ಹೀಗೇ ನಿಲ್ಲುವುದು, ಅಲ್ಲಿ ಕೋಲಿರುತ್ತೆ, ಇಲ್ಲಿ ಕೋಲಿಲ್ಲ, ಅಷ್ಟೇ ಎಂದಳು. ಆಮೇಲೆ ನನ್ನ ನಡುಗುವ ಕಾಲನ್ನೇ ಸ್ವಲ್ಪ ಹೊತ್ತು ನೋಡಿ, ಪಕ್ಕದ ಕುರ್ಚಿ ಎಳೆದು ನನ್ನ ಹಿಂದೆ ಇಟ್ಟಳು.

“ನೀ ಕೂತ್ಕಳವ್ವ. ಬಿದ್ದ್‌ಗಿದ್ದೀಯ.”

ಬಸ್ಸಿನ ಮೆಟ್ಟಿಲು

ಇದು ನನ್ನದೇ ಕಥೆ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡೂರಿನ ಬಸ್ಸು ಹತ್ತುತ್ತಿದ್ದೆ. ಮೆಟ್ಟಿಲು ಎತ್ತರ, ಕೈಯಲ್ಲಿ ಭಾರದ ಚೀಲ, ಕಂಬಿ ಹಿಡಿದು ಮೈ ಎಳೆದುಕೊಂಡೆ. ಹಿಂದಿನಿಂದ ಪರಿಚಿತ ಧ್ವನಿಯೊಂದು, “ಕೈ ಊರ್ಬೇಡಿ ಮೇಡಂ, ತೊಡೆಯಲ್ಲಿ ಏಳಿ” ಎಂದಿತು. ನನ್ನ ಪೇಷೆಂಟ್, ಅರವತ್ತೊಂಬತ್ತು ವರ್ಷದ ಅಮ್ಮ. ನಾನು ವಾರವಾರವೂ ಅವರಿಗೆ ಹೇಳುವ ಮಾತು ಅಕ್ಷರ ತಪ್ಪದೆ ನನಗೇ ವಾಪಸ್ ಬಂತು.

ಮಾನದ ಪ್ರಶ್ನೆ. ಕಂಬಿ ಬಿಟ್ಟು ಎದ್ದೆ. ಮಂಡಿ ಲಟಕ್ ಎಂದಿತು, ಡ್ರೈವರ್ ಕೂಡ ತಿರುಗಿ ನೋಡಿದ. ಕಂಡಕ್ಟರ್ ಹಿರಿಯ ನಾಗರಿಕರ ಸೀಟಿನಲ್ಲಿದ್ದ ಹುಡುಗನನ್ನು ಎಬ್ಬಿಸಿ ನನಗೆ ಕೈ ತೋರಿಸಿದ. ನನಗಿನ್ನೂ ನಲವತ್ತೆಂಟು ಕಣಪ್ಪ ಎಂದು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೂತಾಗಿತ್ತು.

ಬಿದ್ದರೆ ಏಳುವುದು ಹೇಗೆ

ಅಜ್ಜಂಪುರದಲ್ಲಿ ಶುಕ್ರವಾರ ಒಂದು ಸಮುದಾಯ ಭವನದ ಜಗುಲಿಯಲ್ಲಿ ಇಪ್ಪತ್ತು ಜನ ಹಿರಿಯರಿಗೆ ವ್ಯಾಯಾಮ ಮಾಡಿಸುತ್ತೇನೆ. ಅವರಲ್ಲೊಬ್ಬ ಅಮ್ಮ ಒಂದು ವಾರ ಬರಲಿಲ್ಲ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಏಳುವುದು ಹೇಗೆಂದು ತಿಳಿಯದೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒದ್ದೆ ನೆಲದಲ್ಲೇ ಮಲಗಿದ್ದರಂತೆ. ಮರುವಾರ ಬಂದು ಅದನ್ನು ಹೇಳುವಾಗ ಅತ್ತುಬಿಟ್ಟರು. ಕೇಳಿದವರ ಮುಖವೆಲ್ಲ ಸಣ್ಣದಾಯಿತು, ಆ ಭಯ ಎಲ್ಲರಿಗೂ ಇತ್ತು.

ಮುಂದಿನ ಶುಕ್ರವಾರ ಬಿದ್ದರೆ ಏಳುವ ಪಾಠ ಇಟ್ಟುಕೊಂಡೆ. ಬಿದ್ದ ತಕ್ಷಣ ಗಾಬರಿಯಲ್ಲಿ ಏಳಲು ಹೋಗಬಾರದು, ಒಂದು ನಿಮಿಷ ಅಲ್ಲಾಡದೆ ಮಲಗಿ, ಎಲ್ಲಿ ನೋವಿದೆ ನೋಡಿಕೊಳ್ಳಬೇಕು. ಆಮೇಲೆ ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಲ್ಲಿ ಕುರ್ಚಿಯ ತನಕ ಹೋಗಿ, ಅದನ್ನು ಹಿಡಿದು ಏಳಬೇಕು. ನಾನೇ ಬಿದ್ದು ತೋರಿಸುತ್ತೇನೆ, ಯಾರೂ ನನ್ನನ್ನು ಮುಟ್ಟಬಾರದು, ಮಾತಾಡಬಾರದು ಎಂದು ಕಟ್ಟುನಿಟ್ಟಾಗಿ ಹೇಳಿ ದೊಪ್ಪನೆ ಬಿದ್ದೆ. ಕಣ್ಣು ಮುಚ್ಚಿ ಮಲಗಿದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು.

ಆ ಪಾಠವನ್ನು ಮುಗಿಸಿದ್ದು ಇನ್ನೊಂದು ವಾರಕ್ಕೆ. ಬಚ್ಚಲಲ್ಲಿ ಬಿದ್ದಿದ್ದ ಅಮ್ಮ ಎರಡೇ ಸಲಕ್ಕೆ ಕಲಿತು, ಮೂರನೇ ಸಲ ಬೇರೆಯವರಿಗೆ ಕಲಿಸಿದರು. ಆದರೆ ಅವತ್ತು ಪಾಠ ನಾನು ಮಗ್ಗುಲಾಗುವ ಹಂತಕ್ಕೂ ಬರಲಿಲ್ಲ.

ತಡವಾಗಿ ಬಂದ ಒಬ್ಬ ಅಜ್ಜ ಜಗುಲಿ ಹತ್ತಿದರು. ಎಪ್ಪತ್ತೈದರ ಆಸುಪಾಸು, ಪ್ರಾಯದಲ್ಲಿ ಊರೂರಿನ ಪಂದ್ಯಗಳಲ್ಲಿ ಗುಂಡುಕಲ್ಲು ಎತ್ತಿದವರು. ಅವರಿಗೆ ಪಾಠ ಗೊತ್ತಿಲ್ಲ. ಕಂಡದ್ದು ಇಷ್ಟೇ: ಮೇಡಂ ನೆಲದ ಮೇಲೆ ಬಿದ್ದಿದ್ದಾಳೆ, ಇಪ್ಪತ್ತು ಜನ ಕೈಕಟ್ಟಿಕೊಂಡು ಸುಮ್ಮನೆ ನೋಡುತ್ತಿದ್ದಾರೆ. ನಿಮಗೆ ಕರುಳಿಲ್ಲವೇ ಎಂದು ಎಲ್ಲರನ್ನೂ ಬೈದದ್ದು ನನಗೆ ಕೇಳಿಸಿತು. ಕಣ್ಣು ಬಿಡುವಷ್ಟರಲ್ಲಿ ನಾನು ನೆಲದಲ್ಲಿರಲಿಲ್ಲ, ಅವರ ಹೆಗಲ ಮೇಲಿದ್ದೆ. ನನ್ನ ತೂಕ ಎಪ್ಪತ್ತನಾಲ್ಕು ಕೆ.ಜಿ.

ಇಳಿಸಿ ಅಜ್ಜ, ನನಗೇನೂ ಆಗಿಲ್ಲ, ಪಾಠ ಮಾಡ್ತಿದ್ದೆ ಎಂದು ಕೂಗಿಕೊಂಡೆ.

“ಮಾತಾಡ್ಬೇಡ ಮಗಾ, ಉಸಿರು ಉಳಿಸ್ಕೋ” ಎಂದು ಅವರು ರಸ್ತೆಗಿಳಿದರು.

ತಲೆ ಕೆಳಗಾಗಿ ನೋಡಿದರೆ ನನ್ನ ಇಪ್ಪತ್ತು ಜನವೂ ಹಿಂದೆ ಬರುತ್ತಿದ್ದರು. ಹತ್ತು ನಿಮಿಷ ನಡೆಯಿರಿ ಎಂದರೆ ಮಂಡಿ, ಸೊಂಟ, ಹಿಮ್ಮಡಿ ಎಂದು ನೆಪ ಹೇಳುವವರೆಲ್ಲ ದಾಪುಗಾಲು ಹಾಕುತ್ತಿದ್ದರು. ಅಂಗಡಿಯವರು ಹೊರಗೆ ಬಂದು ನಿಂತರು. ಶವಯಾತ್ರೆಯೆಂದುಕೊಂಡು ಯಾರೋ ಯಾರದ್ದೆಂದು ಕೇಳಿದರು, ಕಾಲೆತ್ತಿಸೋ ಮೇಡಂದು ಎಂದು ಯಾರೋ ಹೇಳಿದರು. ಎರಡು ಬೀದಿ ದಾಟಿ ಡಾಕ್ಟರ ಕ್ಲಿನಿಕ್ಕಿನ ಮಂಚದ ಮೇಲೆ ಅಜ್ಜ ನನ್ನನ್ನು ಮೊಟ್ಟೆ ಇಳಿಸುವಷ್ಟು ಹುಷಾರಾಗಿ ಇಳಿಸಿದರು.

ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ನಗು ತಡೆದುಕೊಂಡು, ಈ ವಯಸ್ಸಿನಲ್ಲಿ ಇಷ್ಟು ಭಾರ ಹೊತ್ತಿದ್ದಾರಲ್ಲ ಎಂಬ ಆತಂಕದಲ್ಲಿ ಮೊದಲು ಅಜ್ಜನ ನಾಡಿ ಹಿಡಿದರು. ಎಂಬತ್ತೆರಡು. ಆಮೇಲೆ ಸುಮ್ಮನೆ ನನ್ನದನ್ನೂ ಹಿಡಿದರು. ನೂರ ಮೂವತ್ತೆರಡು.

“ಸರಿಯಾದ ಪೇಷೆಂಟನ್ನೇ ತಂದಿದ್ದೀರಿ ಬಿಡಿ ಅಜ್ಜ” ಎಂದು ಡಾಕ್ಟರು ಬಿ.ಪಿ. ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದರು.