ನಾಲ್ಕು ಬೆರಳಿನ ಅಂತರ

ನಾಲಗೆಗೆ ಎಲುಬಿಲ್ಲ ಎನ್ನುವುದು ಹಿರಿಯರ ಮಾತು. ಬೈಲಹೊಂಗಲದ ಕಲ್ಮೇಶನ ನಾಲಗೆಗೆ ಬ್ರೇಕೂ ಇರಲಿಲ್ಲ. ಕಿತ್ತೂರಿನ ಲಗ್ನವೊಂದರ ಪಂಕ್ತಿಯಲ್ಲಿ ಮುನವಳ್ಳಿಯ ಶಂಕರೆಪ್ಪನವರು, "ನಿಮ್ಮ ಜಿಪ್ಸಿ ಗಾಡಿ ಹಳೇದೋ, ಕಿಂಗೋ?" ಎಂದು ಕೇಳಿದಾಗ, ಹೋಳಿಗೆಯೊಡನೆ ಸತ್ಯವನ್ನೂ ನುಂಗಿ "ಕಿಂಗ್ ರೀ" ಎಂದುಬಿಟ್ಟಿದ್ದ. ಎದುರು ಸಾಲಿನಲ್ಲಿ ಅವರ ಕಿರಿಯ ಮಗಳು ಉಮಾಶ್ರೀ ಕುಳಿತಿದ್ದಳು. ಆಮೇಲೆ ನಿಜ ಹೇಳುವ ಧೈರ್ಯ ಯಾರಿಗಿದ್ದೀತು?

ಅವನದು ಎಂಬತ್ತಾರರ ಮೊದಲ ಮಾದರಿ. ಗುಡ್ಡಗಾಡಿನ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಕುಲವೇ ಸರಿ. ಆದರೆ ಮೈ ಇಕ್ಕಟ್ಟು, ಬಾನೆಟ್ಟು ಬೋಳು. ಈಚೆಗೆ ಬಂದ ಕಿಂಗಿಗಾದರೋ ದೊಡ್ಡ ಇಂಜಿನ್ನು, ಬಾನೆಟ್ಟಿನ ಮೇಲೊಂದು ಉಬ್ಬು, ಅಗಲವಾದ ಮೈಕಟ್ಟು.

ಈ ದಿನ ಮುಂಜಾನೆ ಫೋನು ಬಂತು. ಶಂಕರೆಪ್ಪನವರು ಮಧ್ಯಾಹ್ನ ಬರುತ್ತಾರೆ. ಉಮಾಶ್ರೀಗೆ ವರನನ್ನು ನೋಡಿಯಾಗಿದೆ, ಇನ್ನು ಗಾಡಿ ನೋಡಬೇಕು. ಒಪ್ಪಿದರೆ ಸಂಜೆಯೇ ವೀಳ್ಯ.

"ಖರೇ ಹೇಳಿಬಿಡೋ ಮಗನ," ಎಂದಳು ತಾಯಿ ಸಾವಿತ್ರೆವ್ವ.

"ಎದಕ್ಕ ಹೇಳಬೇಕಬೇ ಯಕ್ಕಾ?" ಗೋಡೆಯಾಚೆಯಿಂದ ನೆರೆಮನೆಯ ಶಟ್ಟೆಪ್ಪನ ಕತ್ತು ಮೇಲೆದ್ದಿತು. ಅವನು ದನದ ಸಂತೆಯ ದಲಾಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಮಾತಾಡುವುದರಲ್ಲಿ ಎತ್ತಿದ ಕೈ. "ಮುದಿ ಎತ್ತಿನ ಹಲ್ಲ ತೇದು, ಕೋಡ ಹೆರದು, ಹೋರಿ ಅಂತ ಮಾರಾಂವ ನಾನು. ಇದೇನ್ ದೊಡ್ಡದು ತಗೋ!"

ಬಿಳಿಯ ಕುದುರೆಯ ಬಾಲಕ್ಕೆ ಹಾವುಗಳು ಸುತ್ತಿಕೊಂಡು ಅದನ್ನು ಕಪ್ಪಾಗಿ ತೋರಿಸಿದ ಪುರಾಣಕಥೆಯುಂಟು. ಆ ಹಾವುಗಳೂ ಶಟ್ಟೆಪ್ಪನಲ್ಲಿ ಪಾಠ ಹೇಳಿಸಿಕೊಳ್ಳಬೇಕಿತ್ತು. ಎಣ್ಣೆಡಬ್ಬಿಯ ತಗಡನ್ನು ಬಡಿದು ಬಾನೆಟ್ಟಿಗೆ ಉಬ್ಬು ಕೂರಿಸಿದ. ಹಲಗೆಗೆ ಟ್ರ್ಯಾಕ್ಟರ್ ಟ್ಯೂಬು ಬಿಗಿದು ಚಕ್ರಗಳ ಮೇಲೆ ಎರಡೂ ಮಗ್ಗುಲಿಗೆ ರೆಕ್ಕೆ ಕಟ್ಟಿದ. ಎಲ್ಲಕ್ಕೂ ಬಣ್ಣ ಬಳಿದ. ಅದು ಆರುವ ಮೊದಲೇ ಶಂಕರೆಪ್ಪನವರು ಬಂದಿಳಿದರು. ಚಹಾ ಸಹ ಮುಟ್ಟದೆ, "ಒಂದ್ ಸುತ್ತ ಹೋಗೂಣ ನಡೀರಿ" ಎಂದರು.

ಸಂಗೊಳ್ಳಿಯ ದಾರಿಯ ಮೊದಲ ತಗ್ಗಿಗೇ ತಗಡಿನ ಉಬ್ಬು ಭಜನೆಯ ತಾಳದಂತೆ ನುಡಿಯತೊಡಗಿತು. ಶಂಕರೆಪ್ಪನವರು ಕಿವಿಗೊಟ್ಟರು.

"ಅದೇನ್ ಸಪ್ಪಳರಿ?"

"ಇಂಜಿನ್ ದೊಡ್ಡದಲ್ರಿ, ಮಾತಾಡತೈತಿ," ಎಂದ ಹಿಂದಿನ ಸೀಟಿನ ಶಟ್ಟೆಪ್ಪ.

"ನಮ್ಮ ದೊಡ್ಡ ಅಳಿಯಂದೂ ಕಿಂಗ್ ರೀ. ಅದು ಇಷ್ಟ ವಾಚಾಳಿ ಅಲ್ಲ. ನಿಲ್ಲಸ್ರಿ ಗಾಡಿ."

ಕೆಳಗಿಳಿದ ಶಂಕರೆಪ್ಪನವರು ಜೇಬಿನಿಂದ ಗಂಟು ಹಾಕಿದ ದಾರವೊಂದನ್ನು ತೆಗೆದು ಗಾಡಿಯ ಅಗಲಕ್ಕೆ ಹಿಡಿದರು. ಕಲ್ಮೇಶನ ಪ್ರಾಣ ಆ ದಾರದ ತುದಿಯಲ್ಲಿ ತೂಗಾಡಿತು. ದಾರ ನಾಲ್ಕು ಬೆರಳು ಸಾಲದೆ ಬಂತು.

"ಪಕ್ಕಾ ಕಿಂಗ್!" ಶಟ್ಟೆಪ್ಪ ಕಲ್ಮೇಶನ ಪಕ್ಕೆ ತಿವಿದ. "ಗೆದ್ದಿ ಬಿಡು!"

ಶಂಕರೆಪ್ಪನವರು ನಿಟ್ಟುಸಿರಿಟ್ಟರು. "ಹೌದು, ಕಿಂಗ್ ಖರೇ. ಹಂಗಾರ ಈ ಸಂಬಂಧ ಕೂಡೂದಿಲ್ಲರಿ. ವರ ತನ್ನ ಮನೀ ಗಾಡಿ ಏರಿ, ನಡುವ ಇಳೀದ, ನಮ್ಮ ಓಣಿ ಅಗಸಿ ಬಾಗಲಾ ಹಾದು ಬರಬೇಕು. ಹಿರ್ಯಾರ ಕಾಲದ ಪದ್ಧತಿ. ದೊಡ್ಡ ಅಳಿಯನ ಕಿಂಗ್ ಅಗಸ್ಯಾಗ ಸಿಕ್ಕೊಂಡು ಮುಹೂರ್ತನ ತಪ್ಪಿತು. ಈ ದಾರ ಆ ಅಗಸಿ ಅಳತಿ. ನೀವು ಕಿಂಗ್ ಅಂದ್ರೂ, ನಿಮ್ಮದು ಹಳೇ ಸಣ್ಣ ಜಿಪ್ಸಿ ಅಂತ ಯಾರೋ ಅಂದಿದ್ರು. ಆಸೆ ಇಟ್ಕೊಂಡು ಬಂದಿದ್ದೆ."

ಕಲ್ಮೇಶನಿಗೆ ಭೂಮಿ ಬಾಯಿ ಬಿಟ್ಟಂತಾಯಿತು. "ನಿಲ್ರಿ ಮಾವಾರ!" ಎಂದು ಕೂಗಿ, ಲಂಕೆಗೆ ನುಗ್ಗಿದ ಕಪಿಯಂತೆ ಗಾಡಿಯ ಮೇಲೆ ಬಿದ್ದ. ಒಂದು ಕಡೆಯ ರೆಕ್ಕೆ ಕಿತ್ತ, ಇನ್ನೊಂದು ಕಡೆಯದನ್ನೂ ಕಿತ್ತ, ಉಬ್ಬನ್ನು ಹೊಲಕ್ಕೆಸೆದ. "ನೋಡ್ರಿ! ಹಳೇದ ಐತ್ರಿ! ಈಗ ಅಳೀರಿ!"

ಶಂಕರೆಪ್ಪನವರು ಮತ್ತೆ ದಾರ ಹಿಡಿದರು. ಗಂಟು ಗಾಡಿಯ ಅಂಚನ್ನು ದಾಟಿ ಬೆರಳಷ್ಟು ಆಚೆಗೆ ಬಂತು. ಅವರ ಮುಖ ಅರಳಿತು. ಕಲ್ಮೇಶನದು ಅದಕ್ಕಿಂತ ಹೆಚ್ಚು ಅರಳಿತು.

"ಅಗಸ್ಯಾಗ ಗಾಡಿ ಹಾಯತೈತಿ," ಎಂದರು, ಅಂಗೈಗೆ ಅಂಟಿದ ಹಸಿಬಣ್ಣವನ್ನು ನೋಡಿಕೊಳ್ಳುತ್ತ. "ಸುಳ್ಳ ಹಾಯೂದಿಲ್ಲ. ರಾಮದುರ್ಗದ ಹುಡುಗ ಒಬ್ಬಾಂವ ಅದಾನ. ಎಲ್ಲಾ ಚಲೋ, ಮನ್ಯಾಗ ಗಾಡಿ ಇಲ್ಲ ಅಂತ ಬಿಟ್ಟಿದ್ದೆ. ಈ ಗಾಡಿ ಅವಂಗ ಮಾರತೀರೇನು?"

ಕಲ್ಮೇಶ ಉತ್ತರಕ್ಕಾಗಿ ಶಟ್ಟೆಪ್ಪನತ್ತ ದೀನನಾಗಿ ತಿರುಗಿದ. ಹುಟ್ಟುಗುಣ ಸುಟ್ಟರೂ ಹೋಗದು: ಶಟ್ಟೆಪ್ಪನ ಹೆಗಲ ಟವೆಲ್ಲು ಆಗಲೇ ಶಂಕರೆಪ್ಪನವರ ಕೈಯನ್ನು ಮುಚ್ಚಿತ್ತು, ಒಳಗೆ ಬೆರಳುಗಳು ಮಾತಾಡುತ್ತಿದ್ದವು.

"ಮೂರ ಬೆರಳ ಹಿಡದಾರ, ತಮ್ಮಾ," ಎಂದ ಅವನು, ಕಣ್ಣು ಮಿಟುಕಿಸಿ. "ತಡಿ, ನಾಲ್ಕಕ್ಕ ಏರಸತೇನಿ."